ನೀಲಿ ಡೇರೆ

ಎರಡು ಡೇರೆ ತಂದಿದ್ದರು ಮಕ್ಕಳು.
ಹಸಿರಿನದು ಅವರಿಬ್ಬರಿಗೆ.
ನೀಲಿಯದು ಬೀಗಿತ್ತಿಯರಿಗೆ, ಎಂದಳು ಮುಕ್ತಾ,
ಗೂಟ ಹೊಡೆಯುತ್ತ, ನನ್ನ ಮುಖ ನೋಡದೆ.

ನಾನೂ ನೋಡಲಿಲ್ಲ
ಸರ್ವಮಂಗಳಮ್ಮನವರ ಮುಖ.
ಅವರು ಮಂಕಿಟೋಪಿಯ ದಾರ ಬಿಗಿಯುತ್ತ
ಫೌಲರ್ಸ್ ಬೇಯ ಗಾಳಿಗೆ ಹೇಳಿದರು:
‘ನಂಗೆ ಬಾಗಿಲ ಕಡೆ ಜಾಗ ಬೇಕು.’

ಅಡಿಲೇಡ್ ಬಿಟ್ಟು ಮೂರು ದಿನ.
ರಸ್ತೆಯೋ, ಅಳತೆಪಟ್ಟಿ ಇಟ್ಟು ಎಳೆದ ಗೆರೆ;
ತಿರುವು ಬಂದರೆ ಅಳಿಯ ಹಾರ್ನ್ ಹೊಡೆದು ಸಂಭ್ರಮಿಸುತ್ತಿದ್ದ.
ಎಡಕ್ಕೆ ಕಡಲು, ಆಗಾಗ ಇಣುಕಿ ಮರೆಯಾಗುತ್ತ,
ಬಲಕ್ಕೆ ಗೋಧಿ, ಗೋಧಿ, ಒಂದು ಸೈಲೋ, ಮತ್ತೆ ಗೋಧಿ.
ಹಿಂದಿನ ಸೀಟಿನಲ್ಲಿ ನಾವಿಬ್ಬರು,
ನಡುವೆ ಬೆಲ್ಟ್ ಬಿಗಿಸಿಕೊಂಡು ಕೂತ
ಚಟ್ನಿಪುಡಿ ಡಬ್ಬಿ.

ಪಾಯಿಂಟ್ ಲಬಾಟ್‌ನಲ್ಲಿ, ಕಡಿದಾದ ದಂಡೆಯ ಮೇಲಿನಿಂದ,
ಕೆಳಗೆ ನೋಡಿದೆವು ಕಡಲಸಿಂಹಗಳನ್ನು.
ಎಂಥ ಸಿಂಹ! ಮಧ್ಯಾಹ್ನದೂಟ ಮುಗಿಸಿ
ಛತ್ರದ ಜಮಖಾನೆಯ ಮೇಲೆ ಉರುಳಿದ ನೆಂಟರು,
ಒಬ್ಬನ ಹೊಟ್ಟೆಗೆ ಇನ್ನೊಬ್ಬನ ತಲೆ,
ಮಗ್ಗುಲು ಬದಲಿಸಿದವನಿಗೆ ಪಕ್ಕದವಳ ಗದರಿಕೆ.
ನನಗೆ ನಗು ಬಂತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ.
‘ಹೌದು,’ ಎಂದರು ಬೀಗಿತ್ತಿ,
‘ಇವರಿಗೆಲ್ಲ ಚಿರೋಟಿ ಸಿಕ್ಕಿರಬೇಕು.’

ಹನ್ನೊಂದು ವರ್ಷ.
ಎರಡನೇ ಪಂಕ್ತಿ, ಹದಿನೇಳು ಎಲೆ,
ಗಂಡಿನ ಕಡೆಯವರ ಎಲೆ, ಖಾಲಿ ಮೂಲೆ.
ಅಡುಗೆಯವನು ಲೆಕ್ಕ ತಪ್ಪಿದ್ದ, ಅದು ನಿಜ;
ನಾನು ಕ್ಷಮೆ ಕೇಳಿರಲಿಲ್ಲ, ಅದೂ ನಿಜ.

ರಾತ್ರಿ ಮೂರು ಪದರ ಉಣ್ಣೆಯೊಳಗೆ
ಎರಡು ಗೋಣಿಚೀಲದಂತೆ ಬಿದ್ದುಕೊಂಡೆವು, ಬೆನ್ನಿಗೆ ಬೆನ್ನು.
ಡೇರೆಯ ಬಟ್ಟೆ ಪಟಪಟ ಬಡಿದು ಬಡಿದು ಸುಮ್ಮನಾಯಿತು.
ಗಾಳಿ ನಿಂತ ಮೇಲೆ ಕೇಳಿಸಿತು:
ಉದ್ದನೆಯ, ಆಳದ, ಒದ್ದೆ ನಿಟ್ಟುಸಿರು.

ಓ, ಶುರುವಾಯಿತು, ಅಂದುಕೊಂಡೆ.
ಇಷ್ಟು ದೂರ ಬಂದು, ಇಷ್ಟು ಹೊತ್ತಿನಲ್ಲಿ,
ಇಷ್ಟು ಜೋರಾಗಿ, ನನಗೆ ಕೇಳಿಸಲೆಂದೇ.
ಮತ್ತೊಂದು.
ಅದರ ಹಿಂದೆ ಚಿಕ್ಕದೊಂದು.
‘ಏನಿದೆಯೋ ಹೇಳಿಬಿಡಿ’ ಎಂದು ನಾನು ಏಳುವುದಕ್ಕೂ
‘ಹೀಗೆ ಉಸಿರು ಬಿಟ್ಟರೆ ನಾ ಹೆದರಲ್ಲ’ ಎಂದು ಅವರು ಏಳುವುದಕ್ಕೂ
ಸರಿಹೋಯಿತು.
ಮುಖಕ್ಕೆ ಮುಖ, ಟೋಪಿಗೆ ಟೋಪಿ.
ಆಗ ಬಂತು ಇನ್ನೊಂದು,
ನಮ್ಮಿಬ್ಬರ ಬಾಯೂ ಮುಚ್ಚಿದ್ದಾಗ.

ಜೆಟ್ಟಿಯ ಹಲಗೆಗಳ ಸಂದಿಯಲ್ಲಿ ಕಪ್ಪು ನೀರು.
ನನ್ನ ಮೊಣಕೈ ಹಿಡಿದಿದ್ದರು, ಕೇಳದೆ.
ಟಾರ್ಚ್ ಆರಿಸಿದೆ. ಚಂದ್ರ ಅರ್ಧ ಇದ್ದ.
ಮೊದಲು ಏನೂ ಇಲ್ಲ. ಆಮೇಲೆ
ನೀರೇ ಬೆನ್ನು ಬಗ್ಗಿಸಿ ಎದ್ದ ಹಾಗೆ
ಒಂದು ದಿಬ್ಬ, ದಿಬ್ಬವಿರಬಾರದ ಕಡೆ;
ತಲೆಯ ಮೇಲೆ ಸುಣ್ಣದಂಥ ಗಂಟುಗಳು;
ಪಕ್ಕದಲ್ಲಿ ಮರಿ,
ಮರಿಯೆಂದರೆ ನಮ್ಮ ಕಾರಿಗಿಂತ ಉದ್ದ.
ತಿಮಿಂಗಿಲದ ಉಸಿರು ಬಂದು ಕನ್ನಡಕದ ಮೇಲೆ ಕೂತಿತು,
ಹಳೇ ಬಾವಿಯ ವಾಸನೆ.

ಹೆರಿಗೆಗೆ ಬರುತ್ತವಂತೆ ಇಲ್ಲಿಗೆ, ಎಂದೆ,
ಹಗಲು ಬೋರ್ಡಿನಲ್ಲಿ ಓದಿದ್ದು:
ಮರಿ ಬಲಿಯುವ ತನಕ, ತಿಂಗಳುಗಟ್ಟಲೆ,
ಹಾಲೂಡುವುದಷ್ಟೆ, ತಾಯಿ ಏನೂ ತಿನ್ನುವುದಿಲ್ಲವಂತೆ.

‘ಬಾಣಂತಿ ಉಪವಾಸವಾ!’
ಸರ್ವಮಂಗಳಮ್ಮ ಕಂಬಿಯ ಮೇಲೆ ಬಗ್ಗಿದರು.
ದನಿಯಲ್ಲಿ ಅದೇ ಹಳೆಯ ಸಿಟ್ಟು,
ಈ ಸಲ ನನ್ನ ಮೇಲಲ್ಲ, ಇಡೀ ಕಡಲಿನ ಮೇಲೆ.
‘ಇಷ್ಟು ನೀರಿದೆ, ಬಡಿಸೋಕೆ ಒಬ್ಬರೂ ಇಲ್ವಾ?’

ಬಡಿಸಬೇಕಿತ್ತು, ಎಂದೆ ನಾನು.
ಯಾವುದಕ್ಕೆ ಹೇಳಿದೆನೋ, ಅವರಿಗೆ ಕೇಳಿಸಿತೋ ಇಲ್ಲವೋ.
ಬಾಲ ಒಂದು ಸಲ ಮೇಲೆದ್ದು
ಸದ್ದಿಲ್ಲದೆ ಇಳಿಯಿತು.

ಬೆಳಿಗ್ಗೆ ಮಕ್ಕಳು ದುರ್ಬೀನು ಹಿಡಿದು ಓಡುವಾಗ
ನಾವು ಬ್ರೆಡ್ಡಿಗೆ ಚಟ್ನಿಪುಡಿ ಸವರುತ್ತಿದ್ದೆವು.
ಅದರಲ್ಲೂ ಮರಳು. ಕರಕರ.
‘ನಿಮ್ಮತ್ತೆ ಗೊರಕೆ ಹೊಡೀತಾರೆ,’ ಎಂದು ಮಗನಿಗೆ ಕೂಗಿದರು,
ನನ್ನ ತಟ್ಟೆಗೆ ಇನ್ನೊಂದು ಚಮಚ ಹಾಕುತ್ತ.